ಮನೆಯ ಹಿಂದಿನ ಧರೆ: ಮೂರನೆಯ ಮಳೆಗಾಲದ ದಾಖಲೆ

ಕುಮಟಾ ತಾಲ್ಲೂಕಿನ ನಮ್ಮ ಮನೆಯ ಹಿಂದಿನ ಧರೆಯನ್ನು ಅಳೆಯತೊಡಗಿ ಈ ವರ್ಷಕ್ಕೆ ಮೂರು ಮಳೆಗಾಲಗಳಾದವು. ಅಂಗಳವನ್ನು ಹಿಗ್ಗಿಸಲೆಂದು ತಂದೆಯವರು ಹದಿನೈದು ವರ್ಷಗಳ ಹಿಂದೆ ಗುಡ್ಡವನ್ನು ಕಡಿಸಿದಾಗ ಉಂಟಾದ ಈ ಧರೆ ಸುಮಾರು ಐದು ಮೀಟರ್ ಎತ್ತರವಿದ್ದು, ಹೆಚ್ಚುಕಡಿಮೆ ಗೋಡೆಯಂತೆ ನೆಟ್ಟಗೆ ನಿಂತಿದೆ. 2022ರ ಮೇ ತಿಂಗಳಲ್ಲಿ ಇದರ ಮೈಗೆ 24 ಕಬ್ಬಿಣದ ಸರಳುಗಳನ್ನು, ಪ್ರತಿಯೊಂದರಲ್ಲಿ ಹತ್ತು ಸೆಂಟಿಮೀಟರ್ ಮಾತ್ರ ಹೊರಗುಳಿಯುವಂತೆ, ಬಡಿದು ಕೂರಿಸಿದ್ದೆ. ಮಣ್ಣು ತೊಳೆದುಹೋದಷ್ಟೂ ಸರಳಿನ ಹೊರಭಾಗ ಉದ್ದವಾಗುತ್ತದೆ. ಮಳೆಗಾಲ ಮುಗಿದ ಮೇಲೆ ಸ್ಕೇಲು ಹಿಡಿದು ಅಳೆದರೆ ಆ ವರ್ಷದ ಸವಕಳಿ ತಿಳಿಯುತ್ತದೆ.

ಧರೆಯನ್ನು ಕಡಿದದ್ದರಿಂದ ಗುಡ್ಡದ ಒಳಗು ನಮ್ಮ ಕಣ್ಣಿಗೆ ಬಿದ್ದಿದೆ. ಮೇಲಿನ ಒಂದೂವರೆ ಮೀಟರ್ ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ; ಅದರ ಕೆಳಗೆ ಮೂರು ಮೀಟರಿನಷ್ಟು ದಪ್ಪದ ಶೇಡಿ ಮಣ್ಣು; ಬುಡದಲ್ಲಿ ಒಂದೆಡೆ ಮಾತ್ರ ಬೂದುಬಣ್ಣದ, ಪಟ್ಟೆಪಟ್ಟೆಯಾದ ನೈಸ್ ಎಂಬ ಗಟ್ಟಿ ಶಿಲೆಯ ದುಂಡು ಗುಂಡೊಂದು, ಈರುಳ್ಳಿಯ ಸಿಪ್ಪೆಗಳಂತೆ ಪದರು ಪದರಾಗಿ ಸುಲಿಯುತ್ತಾ ಹೊರಗೆ ಇಣುಕಿದೆ. ಈ ಮೂರೂ ಬೇರೆ ಬೇರೆ ಕಡೆಯಿಂದ ಬಂದವಲ್ಲ, ಒಂದೇ ಬಂಡೆಯ ಮೂರು ಅವಸ್ಥೆಗಳು ಎಂಬುದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದಿಡೀ ವರ್ಷ ಹಿಡಿಯಿತು. ಬಂಡೆಯ ಬಿರುಕುಗಳಲ್ಲಿ ಇಳಿಯುವ ಮಳೆನೀರು ಗಾಳಿಯಿಂದಲೂ ಬೇರುಗಳಿಂದಲೂ ಇಂಗಾಲದ ಡೈಆಕ್ಸೈಡನ್ನು ಪಡೆದು ಮೆಲುವಾದ ಆಮ್ಲವಾಗುತ್ತದೆ. ಅದು ಬಂಡೆಯಲ್ಲಿನ ಖನಿಜವಾದ ಫೆಲ್ಡ್‌ಸ್ಪಾರನ್ನು ನಿಧಾನವಾಗಿ ಕೆಡಿಸಿ ಕಯೋಲಿನ್ ಎಂಬ ಬಿಳಿ ಜೇಡಿಯನ್ನಾಗಿ ಮಾಡುತ್ತದೆ. ಮೇಲಿನ ಪದರದಲ್ಲಿ ಸಿಲಿಕವೂ ಬಹುಪಾಲು ತೊಳೆದುಹೋಗಿ, ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳೇ ಚಿರೆಕಲ್ಲಾಗುತ್ತವೆ. ಕಡಿಯುವಾಗ ಮೆದುವಾಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಇದರ ಗುಣವನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯನೂ ಸಮೀಕ್ಷಕನೂ ಆಗಿದ್ದ ಫ್ರಾನ್ಸಿಸ್ ಬುಕಾನನ್ 1800ರ ಸಂಚಾರದಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಗಮನಿಸಿ, 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು.

ನನಗೆ ಅತ್ಯಂತ ಬೆರಗು ಹುಟ್ಟಿಸಿದ್ದು ನಡುವಿನ ಶೇಡಿ. ಹಬ್ಬಕ್ಕೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ನಮ್ಮ ಕಡೆಯ ಹೆಂಗಸರು ಚಿತ್ರ ಬರೆಯಲು ಬಳಸುವುದು ಇದನ್ನೇ. ಏಪ್ರಿಲ್‌ನಲ್ಲಿ ಒಂದು ಹೆಂಟೆಯನ್ನು ಚಾಕುವಿನಿಂದ ಕೊಯ್ದು ನೋಡಿದೆ. ನೈಸ್ ಶಿಲೆಯ ಪಟ್ಟೆಗಳು, ಅವುಗಳ ಬಾಗು ಸಹಿತ, ಗುಲಾಬಿ ಮತ್ತು ಬಿಳಿ ಬಣ್ಣದಲ್ಲಿ ಹಾಗೆಯೇ ಉಳಿದಿದ್ದವು, ಆದರೆ ಬೆರಳಿನಿಂದ ಒತ್ತಿದೊಡನೆ ಪಟ್ಟೆಗಳೆಲ್ಲ ಹಿಟ್ಟಾಗಿ, ಅಂಗೈಯಲ್ಲಿ ಬೆಣಚುಕಲ್ಲಿನ ಕೆಲವು ಹರಳುಗಳು ಮಾತ್ರ ಗರಗರ ಎಂದವು. ಕಲ್ಲಿನ ರೂಪ ಪೂರ್ತಿಯಾಗಿ ಇದೆ, ಕಲ್ಲಿನ ಬಲ ಇಲ್ಲ. ಇನ್ನೊಂದು ಹೆಂಟೆಯನ್ನು ನೀರಿನ ಲೋಟಕ್ಕೆ ಹಾಕಿದೆ; ಅಲುಗಿಸದಿದ್ದರೂ ಅದು ಅಂಚಿನಿಂದ ಉದುರುತ್ತಾ ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ಕೆಸರಾಗಿ ಹರಡಿಕೊಂಡಿತು.

ಮೊದಲೆರಡು ವರ್ಷಗಳ ಅಳತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಪಾಚಿ ಮತ್ತು ಜರಿಗಿಡಗಳು ಮುಚ್ಚಿದ ಭಾಗದಲ್ಲಿ ಸವಕಳಿ ಮಳೆಗಾಲಕ್ಕೆ ಎರಡು ಮಿಲಿಮೀಟರನ್ನು ದಾಟಲಿಲ್ಲ; ಬರಿಯ ಶೇಡಿಯ ಮೇಲೆ ಅದು ಸರಾಸರಿ ಹನ್ನೊಂದು ಮಿಲಿಮೀಟರ್ ಇತ್ತು. ಚಿರೆಕಲ್ಲು ಕದಲದೆ ಉಳಿದು, ಅದರ ಕೆಳಗಿನ ಶೇಡಿ ಮಾತ್ರ ಹಿಂದೆ ಸರಿಯುತ್ತಿದ್ದುದರಿಂದ, ಮೇಲ್ಪದರು ಸೂರಿನಂತೆ ಮುಂದಕ್ಕೆ ಚಾಚಿಕೊಂಡಿತು.

ಈ ವರ್ಷ ಮೇ ತಿಂಗಳಲ್ಲಿ ಧರೆಯ ಮೇಲಂಚಿನಿಂದ ಒಂದು ಮೀಟರ್ ಹಿಂದೆ, ತರಗೆಲೆಗಳ ಅಡಿಯಲ್ಲಿ, ಕೂದಲೆಳೆಯಂತಹ ಬಿರುಕೊಂದು ಕಂಡಿತು. ಅದರ ಎರಡೂ ಬದಿಗೆ ಮೊಳೆ ಹೊಡೆದು ಅಂತರವನ್ನು ಬರೆದಿಡತೊಡಗಿದೆ. ಆರಿದ್ರಾ ಮಳೆಯ ಕೊನೆಗೆ ಅದು ಆರು ಮಿಲಿಮೀಟರ್ ಅಗಲವಾಗಿತ್ತು. ಪುನರ್ವಸುವಿನ ನಡುವಿನಲ್ಲಿ ಮೂವತ್ತೊಂದು. ಅದೇ ವಾರ, ಚಿರೆಕಲ್ಲು ಮತ್ತು ಶೇಡಿ ಕೂಡುವ ಗೆರೆಯಲ್ಲಿ ಒಸರುತ್ತಿದ್ದ ತಿಳಿನೀರು ಹಾಲಿನಂತೆ ಬೆಳ್ಳಗಾಯಿತು. ಗುಡ್ಡದೊಳಗಿನ ಮಣ್ಣನ್ನೇ ನೀರು ಹೊತ್ತು ತರುತ್ತಿದೆ ಎಂದು ಮನೆಯವರಿಗೆ ತಿಳಿಸಿ, ಎಲ್ಲರೂ ಜಗುಲಿಯ ಬದಿಯ ಕೋಣೆಯಲ್ಲಿ ಮಲಗುವಂತೆ ಮಾಡಿದೆ. ಧರೆ ಜರಿದದ್ದು ಮಳೆ ಅತ್ಯಂತ ಜೋರಾಗಿ ಸುರಿದ ರಾತ್ರಿಯಲ್ಲ. ಅದಾಗಿ ಎರಡು ದಿನಗಳ ಬಳಿಕ, ಬರೀ ತುಂತುರು ಬೀಳುತ್ತಿದ್ದ ಬೆಳಿಗ್ಗೆ. ಎರಡು ಟಿಪ್ಪರ್‌ನಷ್ಟು ಮಣ್ಣುಕಲ್ಲು ಬಚ್ಚಲುಮನೆಯ ಗೋಡೆಯವರೆಗೆ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ತೂತುತೂತಾದ ಚಿರೆಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಶೇಡಿ ಅದನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹೀಗೆ ತಡೆದು ನಿಂತ ನೀರಿನ ಒತ್ತಡ ಕಣಕಣಗಳ ನಡುವಿನ ಹಿಡಿತವನ್ನು ಸಡಿಲಿಸಲು ಎರಡು ದಿನ ಬೇಕಾಯಿತೆಂದು ನಾನು ತಿಳಿಯುತ್ತೇನೆ. ಎಂಟು ಸರಳುಗಳು ಮಣ್ಣಿನೊಡನೆ ಹೋದವು. ಮೂರು ವರ್ಷ ಮಿಲಿಮೀಟರುಗಳಲ್ಲಿ ಅಳೆದ ಸವಕಳಿಯನ್ನೆಲ್ಲ ಒಂದೇ ಕ್ಷಣದ ಕುಸಿತ ಮೀರಿಸಿತು.

2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೆ ಬಿದ್ದ ಮೇಲೆ ನಮ್ಮ ಕಡೆ ಧರೆಯ ಕೆಳಗೆ ಮನೆ ಇರುವವರು ಯಾರೂ ಮಳೆಗಾಲದಲ್ಲಿ ನೆಮ್ಮದಿಯಾಗಿ ನಿದ್ರಿಸುತ್ತಿಲ್ಲ.

ಬಾವಿಗೆ ನೀರಾಗಲೆಂದು ಅಣ್ಣ ಕಳೆದ ವರ್ಷ ಧರೆಯ ನೆತ್ತಿಯ ಮೇಲೆ ತೋಡಿಸಿದ್ದ ಮೂರು ಇಂಗುಗುಂಡಿಗಳನ್ನು ಅಕ್ಟೋಬರ್‌ನಲ್ಲಿ ಮುಚ್ಚಿಸಿದೆವು. ಅವನಿಗೆ ಇದು ಬೇಸರದ ಸಂಗತಿಯೇ ಆಗಿತ್ತು. ಇಂಗುಗುಂಡಿ ಸಮತಟ್ಟಾದ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಬಹಳ ಒಳ್ಳೆಯದು, ಕಡಿದ ಧರೆಯ ತಲೆಯ ಮೇಲೆ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸ ಗುಂಡಿಗಳನ್ನು ಈಗ ಕೆಳಗಿನ ತೋಟದಲ್ಲಿ ತೋಡಿದ್ದೇವೆ. ಧರೆಯನ್ನು ಎರಡು ಮೆಟ್ಟಿಲುಗಳಾಗಿ ಓರೆ ಮಾಡಿಸಿ, ನೆತ್ತಿಯ ನೀರು ಪಕ್ಕಕ್ಕೆ ಹರಿಯುವಂತೆ ಕಾಲುವೆ ತೆಗೆದು, ಶೇಡಿಯ ಮೇಲ್ಗೆರೆಯಲ್ಲಿ ತೆಂಗಿನ ನಾರು ಸುತ್ತಿದ ತೂತಿನ ಪೈಪುಗಳನ್ನು ಹೊರಮುಖವಾಗಿ ಇಳಿಜಾರಾಗಿ ತೂರಿಸಿದ್ದೇವೆ. ಮೆಟ್ಟಿಲುಗಳ ಮೇಲೆ ಲಾವಂಚವನ್ನು ಸಾಲಾಗಿ ನೆಟ್ಟಾಗಿದೆ. ಅದರ ಬೇರು ಆಳಕ್ಕೆ ಇಳಿಯುವ ಮೊದಲು ಬರುವ ಮಳೆಗಾಲವೇ ನನ್ನ ಚಿಂತೆ. ಮುಂದಿನ ಜೂನ್‌ನಿಂದ ಪ್ರತಿ ವಾರ ಪೈಪಿನ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ಒಂದು ದಿನ ಹಾಗೆಯೇ ಇಟ್ಟು, ತಳದಲ್ಲಿ ಕೂರುವ ಬಿಳಿ ಪದರದ ದಪ್ಪವನ್ನು ಬಿರುಕಿನ ಅಳತೆಯ ಪಕ್ಕದಲ್ಲೇ ಬರೆದಿಡುತ್ತೇನೆ.