ಸಂತ ತೋಮಸರ ಹಬ್ಬಕ್ಕೆ ಶಿವಮೊಗ್ಗ, ಭದ್ರಾವತಿ, ಎನ್.ಆರ್. ಪುರ

ಯೇಸುವಿನ ಶಿಷ್ಯರಾದ ಸಂತ ತೋಮಸರೆಂಬ ಒಬ್ಬರೇ ಪ್ರೇಷಿತರನ್ನು ಬೇರೆ ಬೇರೆ ಕ್ರೈಸ್ತ ಸಂಪ್ರದಾಯಗಳು ಹೇಗೆ ಗೌರವಿಸುತ್ತವೆ, ಹೇಗೆ ಚಿತ್ರಿಸುತ್ತವೆ ಎಂಬುದನ್ನು ಕಣ್ಣಾರೆ ಕಾಣಬಯಸುವವರು ದೂರದೂರಿಗೆ ಹೋಗಬೇಕಾಗಿಲ್ಲ. ಶಿವಮೊಗ್ಗದಿಂದ ಹೊರಟು ಭದ್ರಾವತಿಯನ್ನೂ ನರಸಿಂಹರಾಜಪುರವನ್ನೂ ನೋಡಿ ಬಂದರೆ ರೋಮಿನ ಪೂಜಾಕ್ರಮದ ಲತೀನ್ ಕಥೋಲಿಕ, ಸಿರಿಯನ್ ಪೂಜಾಕ್ರಮದ ಕಥೋಲಿಕರಾದ ಸಿರೋ ಮಲಬಾರ್, ಪೋಪರ ಅಧೀನಕ್ಕೆ ಒಳಪಡದ ಯಾಕೋಬೈಟ್ ಸಿರಿಯನ್ ಮತ್ತು ಪ್ರಾಟೆಸ್ಟಂಟ್ ಮೂಲದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳನ್ನು ಒಂದೇ ಸುತ್ತಿನಲ್ಲಿ ಕಾಣಬಹುದು. ಕೇರಳದಿಂದ ಬಂದು ಇಲ್ಲಿ ನೆಲೆಸಿದ ಕೃಷಿಕ ಕುಟುಂಬಗಳು ತಮ್ಮ ಪೂಜಾಕ್ರಮವನ್ನೂ ಜೊತೆಗೆ ತಂದುದರಿಂದಲೇ ಸಿರಿಯನ್ ಸಂಪ್ರದಾಯಗಳೂ ಇಲ್ಲಿ ಕಾಣಸಿಗುತ್ತವೆ.

ಹೋಗಲು ತಕ್ಕ ದಿನ ಜುಲೈ 3. ತೋಮಸರ ಅವಶೇಷಗಳನ್ನು ಎದೆಸ್ಸಾ (ಇಂದಿನ ಟರ್ಕಿಯ ಉರ್ಫಾ) ನಗರಕ್ಕೆ ಸಾಗಿಸಿದ ನೆನಪಿನ ದಿನವೆಂದು ಸಿರಿಯನ್ ಸಂಪ್ರದಾಯದವರು ಇದನ್ನು ಬಹುಕಾಲದಿಂದ ‘ದುಕ್ರಾನ’ (ಸ್ಮರಣೆ) ಎಂದು ಆಚರಿಸುತ್ತಾರೆ. ಡಿಸೆಂಬರ್ 21ರಂದು ಈ ಹಬ್ಬವನ್ನು ಆಚರಿಸುತ್ತಿದ್ದ ಲತೀನ್ ಸಂಪ್ರದಾಯವೂ 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಇದೇ ದಿನಕ್ಕೆ ಬಂದಿತು. ಆದರೆ ಆಗ ಮಲೆನಾಡಿನಲ್ಲಿ ಮಳೆ ಹಿಡಿದು ಸುರಿಯುವ ಕಾಲ. ಮಳೆಗೆ ಅಂಜುವವರು ಈಸ್ಟರ್ ಮುಗಿದ ಮರುವಾರದ ಭಾನುವಾರವನ್ನು ಆರಿಸಿಕೊಳ್ಳಲಿ. ಯೇಸು ಮರಣದಿಂದ ಎದ್ದು ಬಂದುದನ್ನು ಗಾಯ ಮುಟ್ಟದೆ ನಂಬೆನೆಂದಿದ್ದ ತೋಮಸರು ಆತನನ್ನು ಕಂಡ ಪ್ರಸಂಗವನ್ನು ಅಂದು ಬಹುತೇಕ ಸಭೆಗಳಲ್ಲಿ ಓದುತ್ತಾರೆ.

ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದಿಂದ ಆರಂಭಿಸುವುದು ಒಳ್ಳೆಯದು. ಲತೀನ್ ಸಂಪ್ರದಾಯ ಸಂತರನ್ನು ಪ್ರತಿಮೆಯಲ್ಲಿ ಕಾಣುತ್ತದೆ, ಕೈಯಲ್ಲಿರುವ ವಸ್ತುವಿನಿಂದ ಗುರುತಿಸುತ್ತದೆ. ತೋಮಸರಿಗೆ ಭರ್ಜಿ ಬಂದದ್ದು ಅವರ ರಕ್ತಸಾಕ್ಷಿ ಮರಣದಿಂದ, ಅಂದರೆ ನಂಬಿಕೆಗಾಗಿ ಭರ್ಜಿಯ ಇರಿತಕ್ಕೆ ಪ್ರಾಣ ಕೊಟ್ಟದ್ದರಿಂದ. ಇನ್ನೊಂದು ಗುರುತಾದ ಬಡಗಿಯ ಮೂಲೆಮಟ್ಟದ ಹಿಂದೆ ಮೂರನೆಯ ಶತಮಾನದ ‘ತೋಮಸರ ಕಾರ್ಯಗಳು’ ಎಂಬ, ಸಿರಿಯನ್ ಸಭೆಗಳ ಪ್ರಾಚೀನ ಭಾಷೆಯಾದ ಸಿರಿಯಾಕ್‌ನಲ್ಲಿರುವ ಗ್ರಂಥದ ಕಥೆಯಿದೆ. ಅರಮನೆ ಕಟ್ಟಲೆಂದು ವಾಯುವ್ಯ ಭಾರತದ ಗೊಂಡೊಫಾರಸ್ ರಾಜ ಕೊಟ್ಟ ಹಣವನ್ನೆಲ್ಲ ತೋಮಸರು ಬಡವರಿಗೆ ಹಂಚಿ, ಅರಮನೆ ಸ್ವರ್ಗದಲ್ಲಿ ಎದ್ದಿದೆ ಎಂದು ಉತ್ತರಿಸಿದರಂತೆ. ಯೇಸುವಿನ ಪಕ್ಕೆಯ ಗಾಯಕ್ಕೆ ಬೆರಳು ಚಾಚಿದ ಚಿತ್ರವೇ ಹೆಚ್ಚು ಪ್ರಚಾರದಲ್ಲಿದ್ದರೂ, ಆ ಸಂತರ ಬದುಕನ್ನು ಮೂಲೆಮಟ್ಟ ಇನ್ನೂ ಚೆನ್ನಾಗಿ ಹೇಳುತ್ತದೆ ಎಂದು ನನಗನ್ನಿಸುತ್ತದೆ. ಅವರನ್ನು ಸಂಶಯಗಾರನೆಂದಷ್ಟೇ ನೆನೆಯುವುದು ಅನ್ಯಾಯ.

ಅಲ್ಲಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿ. ಬಸ್ಸುಗಳು ಧಾರಾಳವಾಗಿವೆ, ರೈಲೂ ಇದೆ. 2007ರಲ್ಲಿ ಸ್ಥಾಪನೆಯಾದ ಸಿರೋ ಮಲಬಾರ್ ಧರ್ಮಪ್ರಾಂತ್ಯದ ಕೇಂದ್ರ ಈ ಊರು. ಇಲ್ಲಿ ಗಮನವಿಟ್ಟು ನೋಡಬೇಕಾದದ್ದು ‘ಮಾರ್ ತೋಮಾ ಸ್ಲೀವಾ’ ಎಂಬ ಶಿಲುಬೆ. ಅದರ ಮೇಲೆ ಯೇಸುವಿನ ದೇಹವಿರುವುದಿಲ್ಲ. ನಾಲ್ಕು ತುದಿಗಳೂ ಮೊಗ್ಗಿನಂತೆ ಅರಳಲು ಸಿದ್ಧವಾಗಿರುತ್ತವೆ. ಕೆಳಗೆ ಕಮಲದ ದಳಗಳು, ಅದರಡಿ ಮೆಟ್ಟಿಲುಗಳು, ಮೇಲೆ ಇಳಿದುಬರುವ ಪಾರಿವಾಳ. ಇದರ ಹಳೆಯ ಮಾದರಿಯೊಂದು 1547ರಲ್ಲಿ ಚೆನ್ನೈನ ಸಂತ ತೋಮಸ್ ಬೆಟ್ಟದಲ್ಲಿ ಪೋರ್ಚುಗೀಸರಿಗೆ ಸಿಕ್ಕಿತು. ಅದರ ಸುತ್ತ ಪ್ರಾಚೀನ ಪರ್ಷಿಯದ ಪಹ್ಲವಿ ಲಿಪಿಯ ಬರಹವಿದೆ. ಸಂತರ ಮುಖವನ್ನೇ ತೋರಿಸದೆ ಅವರ ಹೆಸರನ್ನು ಶಿಲುಬೆಗೆ ಕೊಟ್ಟಿರುವ ಈ ಬಗೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಪೂಜೆ ಮುಗಿದ ಮೇಲೆ ಮಾತಿಗೆ ಸಿಕ್ಕ ಹಿರಿಯರೊಬ್ಬರು, “ಅವರು ನಮಗೆ ಬರೀ ಸಂತರಲ್ಲ ಸಾರ್, ನಮ್ಮ ಮನೆತನದ ಹಿರಿಯರು” ಎಂದರು. ಕ್ರಿ.ಶ. 52ರಲ್ಲಿ ತೋಮಸರು ಕೊಡುಂಗಲ್ಲೂರಿನ ಕರಾವಳಿಗೆ ಬಂದಿಳಿದು ತಮ್ಮ ಪೂರ್ವಜರಿಗೆ ದೀಕ್ಷಾಸ್ನಾನ ಕೊಟ್ಟರೆಂಬುದು ಈ ಸಮುದಾಯದ ಪರಂಪರೆಯ ನಂಬಿಕೆ.

ಎನ್.ಆರ್. ಪುರಕ್ಕೆ ಶಿವಮೊಗ್ಗದಿಂದ ಉಂಬ್ಳೆಬೈಲಿನ ಮೂಲಕ ಹೋಗುವುದಾದರೆ ಕಾಡಿನ ನಡುವಿನ ದಾರಿ. ಮಳೆಗಾಲದಲ್ಲಿ ಕತ್ತಲಾಗುವ ಮೊದಲೇ ಹಿಂತಿರುಗುವಂತೆ ಹೊರಡಬೇಕು. ಅಲ್ಲಿ ಕಾಣುವ ಯಾಕೋಬೈಟ್ ಸಂಪ್ರದಾಯದಲ್ಲಿ ಬಲಿಪೀಠದ ಮುಂದೆ ತೆರೆ ಇರುತ್ತದೆ, ಕುರ್ಬಾನದ (ಬಲಿಪೂಜೆಯ) ನಡುವೆ ಅದು ಸರಿಯುತ್ತದೆ, ಮುಚ್ಚುತ್ತದೆ. ಮಲಯಾಳದ ಪ್ರಾರ್ಥನೆಯ ನಡುನಡುವೆ ಸಿರಿಯಾಕ್ ಮಾತುಗಳು ಕೇಳಿಬರುತ್ತವೆ. ಇಲ್ಲಿ ಪ್ರತಿಮೆಗಿಂತ ಬರೆದ ಚಿತ್ರಕ್ಕೆ ಮನ್ನಣೆ. ಭಾರತದಿಂದ ಹೊರಟ ತೋಮಸರು ಮಾತೆ ಮರಿಯಳ ಅಂತ್ಯಕಾಲಕ್ಕೆ ತಡವಾಗಿ ಬಂದು, ಸ್ವರ್ಗಕ್ಕೇರುತ್ತಿದ್ದ ಆಕೆಯಿಂದ ನಡುಕಟ್ಟನ್ನು ಪಡೆದರೆಂಬ ಕಥೆಯನ್ನು ಈ ಸಂಪ್ರದಾಯ ಪ್ರೀತಿಯಿಂದ ಕಾಪಾಡಿದೆ. ಸಿರಿಯಾದ ಹೋಮ್ಸ್ ನಗರದಲ್ಲಿ ಆ ನಡುಕಟ್ಟಿನ ಹೆಸರಿನ ದೇವಾಲಯವೇ ಇದೆ.

ಸಿ.ಎಸ್.ಐ. ಆಲಯದಲ್ಲಿ ಸಂತರ ಪ್ರತಿಮೆಯನ್ನು ಹುಡುಕಬೇಡಿ. ಅಲ್ಲಿ ತೋಮಸರು ಇರುವುದು ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ, ಬೋಧನೆಯಲ್ಲಿ. ಅವರಿಗೆ ಮೊರೆಯಿಡುವ ಪದ್ಧತಿಯಿಲ್ಲ. ಆಲಯ ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ತೆರೆದಿರುವುದರಿಂದ ಆ ದಿನವನ್ನು ಇದಕ್ಕೆಂದೇ ಮೀಸಲಿಡಿ.

ಜುಲೈ 3 ವಾರದ ನಡುವೆ ಬಂದರೆ ಕೆಲವೆಡೆ ಹಬ್ಬದ ಆಚರಣೆಯನ್ನು ಹತ್ತಿರದ ಭಾನುವಾರಕ್ಕೆ ಸರಿಸುವುದುಂಟು. ಹೊರಡುವ ಮುನ್ನ ಆಯಾ ದೇವಾಲಯದ ಕಚೇರಿಗೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಸಿರಿಯನ್ ದೇವಾಲಯಗಳಲ್ಲಿ ಚಪ್ಪಲಿ ಹೊರಗೆ ಬಿಡಬೇಕಾಗಬಹುದು; ಗಂಡಸರೂ ಹೆಂಗಸರೂ ಬೇರೆ ಬೇರೆ ಬದಿಯಲ್ಲಿ ನಿಲ್ಲುತ್ತಾರೆ, ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುತ್ತಾರೆ. ಪರಮಪ್ರಸಾದದ ಸಾಲಿಗೆ ಆ ಸಭೆಯವರಲ್ಲದವರು ಸೇರಬಾರದು, ಕುಳಿತಲ್ಲೇ ಮೌನವಾಗಿರುವುದು ಸರಿ. ಫೋಟೋ ತೆಗೆಯುವುದಿದ್ದರೆ ಪೂಜೆ ಪೂರ್ತಿ ಮುಗಿದ ಮೇಲೆ, ಗುರುಗಳ ಅನುಮತಿ ಪಡೆದೇ ತೆಗೆಯಿರಿ.