ಜಾಮೀನಿನ ಸಹಿ ಮತ್ತು ಉದ್ಯಮಿಯ ಸಂಸಾರ

ಬೆಂಗಳೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಸಣ್ಣ ಉದ್ಯಮಗಳ ಸಾಲ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಹದಿನೇಳು ವರ್ಷಗಳಿಂದ ಇದೇ ಕೆಲಸ. ನನ್ನ ಮೇಜಿನ ಎದುರು ಬಂದು ಕೂರುವವರಲ್ಲಿ ಹೆಚ್ಚಿನವರು ದಂಪತಿಗಳು. ಗಂಡನ ಹೆಸರಿನಲ್ಲಿ ವರ್ಕ್‌ಶಾಪ್ ಇರುತ್ತದೆ, ಹೆಂಡತಿಯ ಹೆಸರಿನಲ್ಲಿ ಮನೆಯೋ ಸೈಟೋ ಇರುತ್ತದೆ; ಸಾಲದ ಕಾಗದಗಳಲ್ಲಿ ಒಬ್ಬರು ಸಾಲಗಾರರಾದರೆ ಇನ್ನೊಬ್ಬರು ಜಾಮೀನುದಾರರು. ಸಹಿ ಬೀಳಬೇಕಾದ ಜಾಗಗಳಿಗೆಲ್ಲ ಮೊದಲೇ ಪೆನ್ಸಿಲ್‌ನಿಂದ ಗುರುತು ಹಾಕಿಟ್ಟು, ಒಂದೊಂದೇ ಹಾಳೆ ತಿರುವಿ, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದು ತೋರಿಸುತ್ತಾ ಹೋಗುವುದನ್ನೇ ನಾನು ಅನೇಕ ವರ್ಷ ಚುರುಕಾದ ಕೆಲಸವೆಂದು ತಿಳಿದಿದ್ದೆ. ಆ ಸಹಿ ಹಾಕುವ ಹೆಣ್ಣುಮಗಳಿಗೆ ಸಾಲದ ಮೊತ್ತ ತಿಳಿದಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಆ ಸಹಿ ಸಣ್ಣದಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಮೊದಲು ಗಂಡನಿಂದ ವಸೂಲಿಗೆ ಪ್ರಯತ್ನಿಸಿ, ಆಗದಿದ್ದರೆ ಮಾತ್ರ ಹೆಂಡತಿಯ ಬಳಿಗೆ ಬರಬೇಕೆಂಬ ಕಟ್ಟುಪಾಡು ಬ್ಯಾಂಕಿಗಿಲ್ಲ. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಅನುತ್ಪಾದಕವೆಂದು, ಅಂದರೆ ಮರುಪಾವತಿ ನಿಂತ ಸಾಲವೆಂದು, ದಾಖಲಾಗುತ್ತದೆ, ನೋಟಿಸು ಇಬ್ಬರ ಹೆಸರಿಗೂ ಹೋಗುತ್ತದೆ. ಹಾಗೆ ಹೋದ ನೋಟಿಸನ್ನು ಕೈಯಲ್ಲಿ ಹಿಡಿದು ಶಾಖೆಗೆ ಬಂದ ಹೆಂಗಸರನ್ನು ನಾನು ಕಂಡಿದ್ದೇನೆ. ಅವರ ಸಂಕಟ ದುಡ್ಡಿಗಿಂತಲೂ ಹೆಚ್ಚಾಗಿ, ಇಷ್ಟೆಲ್ಲ ನಡೆಯುವಾಗ ತಾವು ಅದೇ ಮನೆಯಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದೆವಲ್ಲ ಎಂಬುದಾಗಿರುತ್ತಿತ್ತು.

ಇದು ನನಗೆ ಪೂರ್ತಿಯಾಗಿ ಅರ್ಥವಾದದ್ದು 2018ರ ನವೆಂಬರಿನಲ್ಲಿ, ನನ್ನ ಮನೆಯಲ್ಲೇ. ನನ್ನ ಪತಿ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆಯ ಶೆಡ್ಡಿನಲ್ಲಿ ಮೂರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳನ್ನಿಟ್ಟುಕೊಂಡು ಬಿಡಿಭಾಗಗಳನ್ನು ತಯಾರಿಸಿ ಕೊಡುತ್ತಾರೆ. ಆಗ ಹದಿನಾಲ್ಕು ಜನ ಕೆಲಸಗಾರರಿದ್ದರು. ನಾವು ಗೃಹಸಾಲಕ್ಕೆ ಜಂಟಿಯಾಗಿ ಅರ್ಜಿ ಹಾಕಿದ್ದೆವು. ಕಡತ ನೋಡುತ್ತಿದ್ದ ಸಹೋದ್ಯೋಗಿ ಮಧ್ಯಾಹ್ನ ನನ್ನನ್ನು ಕರೆದು, "ಮೇಡಂ, ಸರ್‌ದು ಒಂದ್ಸಲ ನೀವೇ ನೋಡ್ಬಿಡಿ" ಎಂದು ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ತಾವು ಎದ್ದು ಹೊರಗೆ ಹೋದರು. ಹನ್ನೊಂದು ತಿಂಗಳ ಹಿಂದೆ ತೆಗೆದುಕೊಂಡ ಆರು ಲಕ್ಷದ ವೈಯಕ್ತಿಕ ಸಾಲ, ಎರಡು ಕ್ರೆಡಿಟ್ ಕಾರ್ಡುಗಳಲ್ಲಿ ಸೇರಿ ಮೂರು ಲಕ್ಷ ನಲವತ್ತು ಸಾವಿರ ಬಾಕಿ, ಒಂದು ಕಂತು ಮೂವತ್ತು ದಿನಕ್ಕೂ ಮೀರಿ ತಡ. ಇದಾವುದೂ ನನಗೆ ಗೊತ್ತಿರಲಿಲ್ಲ. ದಿನಕ್ಕೆ ಹತ್ತು ಜನರ ಸಾಲದ ವರದಿ ಓದುವವಳಿಗೆ ತನ್ನ ಗಂಡನ ವರದಿಯೇ ಹೊಸದಾಗಿತ್ತು.

ಕಾರಣ ಅಪರೂಪದ್ದೇನಲ್ಲ. ಅವರ ದೊಡ್ಡ ಗ್ರಾಹಕ ಕಂಪನಿಯೊಂದು ಬಿಲ್ಲಿನ ಹಣವನ್ನು ನಾಲ್ಕು, ಐದು ತಿಂಗಳು ತಡಮಾಡುತ್ತಿತ್ತು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಎಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯೇ ಹೇಳುತ್ತದೆ. ಆದರೆ ಮುಂದಿನ ಆರ್ಡರು ತಪ್ಪಿಹೋದೀತೆಂಬ ಅಂಜಿಕೆಯಿಂದ ಹೆಚ್ಚಿನವರು ದೂರು ಕೊಡುವುದಿಲ್ಲ. ಇತ್ತ ತಾರೀಖುಗಳು ಕಾಯುವುದಿಲ್ಲ. 7ರೊಳಗೆ ಸಂಬಳ, 15ಕ್ಕೆ ಕೆಲಸಗಾರರ ವಿಮೆಯ (ಇಎಸ್ಐ) ಕಂತು, 20ಕ್ಕೆ ಜಿಎಸ್‌ಟಿ, ತಿಂಗಳ ಕೊನೆಗೆ ಬ್ಯಾಂಕಿನ ಬಡ್ಡಿ. ಹತ್ತು ಲಕ್ಷದ ಬಿಲ್ಲು ಹಾಕಿದರೆ ಶೇಕಡಾ 18ರಂತೆ ಒಂದು ಲಕ್ಷ ಎಂಬತ್ತು ಸಾವಿರ ತೆರಿಗೆ. ಗ್ರಾಹಕರು ಹಣ ಕೊಟ್ಟಿರಲಿ, ಬಿಟ್ಟಿರಲಿ, ಕೊಂಡ ಮಾಲಿನ ಮೇಲೆ ಆಗಲೇ ಕೊಟ್ಟ ತೆರಿಗೆಯನ್ನು ಕಳೆದು ಉಳಿದದ್ದನ್ನು ಮುಂದಿನ ತಿಂಗಳೇ ಕಟ್ಟಬೇಕು. ಪುಸ್ತಕದಲ್ಲಿ ಲಾಭವಿದ್ದೂ ಕೈಯಲ್ಲಿ ಕಾಸಿಲ್ಲದ ಸ್ಥಿತಿ ಹುಟ್ಟುವುದು ಹೀಗೆ. ಆ ತಾರೀಖುಗಳು ಶೆಡ್ಡಿನ ಬಾಗಿಲಲ್ಲಿ ನಿಲ್ಲುವುದಿಲ್ಲ, ಊಟದ ತಟ್ಟೆಯವರೆಗೂ ಬರುತ್ತವೆ. 18, 19ನೆಯ ತಾರೀಖುಗಳಂದು ಅವರು ಮಗಳ ಮೇಲೆ ವಿನಾಕಾರಣ ರೇಗುತ್ತಿದ್ದುದನ್ನು ನಾನು ವರ್ಷಗಟ್ಟಲೆ ಸ್ವಭಾವವೆಂದೇ ಭಾವಿಸಿದ್ದೆ.

ಅಂದು ರಾತ್ರಿ ನಾನು ಶಾಖೆಯಲ್ಲಿ ಕೇಳುವ ಕ್ರಮದಲ್ಲೇ ಕೇಳಿದೆ: ಯಾವಾಗ ತೆಗೆದುಕೊಂಡಿರಿ, ಎಷ್ಟು, ಬಡ್ಡಿ ಎಷ್ಟು, ಏಕೆ ಹೇಳಲಿಲ್ಲ. ಮೊದಲ ಮೂರಕ್ಕೆ ಉತ್ತರ ಕೊಟ್ಟರು. ನಾಲ್ಕನೆಯದಕ್ಕೆ ಬಹಳ ಹೊತ್ತು ಸುಮ್ಮನಿದ್ದು, "ನೀನು ಮನೇಲೂ ಬ್ಯಾಂಕಿನವಳ ಹಾಗೇ ಮಾತಾಡ್ತೀಯ. ಹೇಳೋಕೆ ಭಯ ಆಗ್ತಿತ್ತು" ಎಂದರು. ನನಗೆ ತುಂಬ ನೋವಾಯಿತು, ಏಕೆಂದರೆ ಅದು ನಿಜವಾಗಿತ್ತು. ಅದಕ್ಕೂ ಮೊದಲು ಒಮ್ಮೆ, ಹೊಸ ಯಂತ್ರವೊಂದರ ಕಂತು ತಡವಾಗಿದೆ ಎಂದು ಅವರು ಹೇಳಿದಾಗ, ನಾನು ಸಮಾಧಾನದ ಒಂದು ಮಾತನ್ನೂ ಆಡದೆ, ಯಂತ್ರ ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕಿತ್ತು ಎಂದು ಹತ್ತು ನಿಮಿಷ ವಿವರಿಸಿದ್ದೆ. ಆಮೇಲೆ ಅವರು ಇನ್ನೊಂದು ಸಲ ಹೇಳದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಮುಚ್ಚಿಟ್ಟದ್ದು ಅವರ ತಪ್ಪು, ಅದನ್ನು ನಾನು ಈಗಲೂ ತಪ್ಪೆಂದೇ ಹೇಳುತ್ತೇನೆ. ಹೇಳಲಾಗದ ವಾತಾವರಣವನ್ನು ಮನೆಯಲ್ಲಿ ಉಂಟುಮಾಡಿದ್ದರಲ್ಲಿ ನನ್ನ ಪಾಲೂ ಇತ್ತು.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಪ್ರತಿ ತಿಂಗಳ 21ನೆಯ ತಾರೀಖು, ಅಂದರೆ ಜಿಎಸ್‌ಟಿ ಕಟ್ಟಿದ ಮರುದಿನ, ಮಗಳು ಮಲಗಿದ ಮೇಲೆ ಅರ್ಧ ಗಂಟೆ ಕೂರುತ್ತೇವೆ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಅವರು ತಮ್ಮ ಕೈಯಿಂದಲೇ ಮೂರು ಸಾಲು ಬರೆಯುತ್ತಾರೆ: ಬರಬೇಕಾದದ್ದು, ಕೊಡಬೇಕಾದದ್ದು, ಈ ತಿಂಗಳು ಮನೆಗೆ ಕೊಡುವುದು. ಅವರು ಬರೆದು ಮುಗಿಸುವವರೆಗೆ ನಾನು ಮಾತನಾಡುವುದಿಲ್ಲ. ಅಭಿಪ್ರಾಯ ಕೇಳಿದರೆ ಮಾತ್ರ ಹೇಳುತ್ತೇನೆ. ಮೊದಮೊದಲು ಇದು ನನಗೆ ಬಹಳ ಕಷ್ಟವಾಯಿತು. ಮನೆಗೆ ಬರುವ ಹಣವನ್ನು 5ರಂದು ಒಂದೇ ಸಲ ನಿಗದಿತ ಮೊತ್ತವಾಗಿ ವರ್ಗಾಯಿಸುತ್ತಾರೆ, ಮೊದಲಿನ ಹಾಗೆ ಶಾಲೆಯ ಶುಲ್ಕಕ್ಕೂ ಗ್ಯಾಸಿಗೂ ವ್ಯಾಪಾರದ ಖಾತೆಗೆ ಕೈಹಾಕುವುದಿಲ್ಲ. ಗಿರಾಕಿಗಳ ಖಾತೆಯ ವಿವರಗಳನ್ನು ಓದಿ ಓದಿ ನನಗೆ ಮನದಟ್ಟಾದ ಸಂಗತಿಯೊಂದಿದೆ: ಒಂದೇ ಓವರ್‌ಡ್ರಾಫ್ಟ್ (ಇದ್ದ ಹಣಕ್ಕಿಂತ ಹೆಚ್ಚು ತೆಗೆಯಬಹುದಾದ) ಖಾತೆಯಿಂದ ಕಚ್ಚಾಮಾಲಿಗೂ ಮದುವೆಯ ಸೀರೆಗೂ ದುಡ್ಡು ಹೋಗುತ್ತಿರುವ ಮನೆಯಲ್ಲಿ, ವ್ಯಾಪಾರ ಮನೆಯನ್ನು ಸಾಕುತ್ತಿದೆಯೋ ಮನೆ ವ್ಯಾಪಾರವನ್ನು ಸಾಕುತ್ತಿದೆಯೋ ಎಂಬುದು ಗಂಡನಿಗೂ ತಿಳಿದಿರುವುದಿಲ್ಲ.

ವಿಮೆಯ ಬಗ್ಗೆಯೂ ಒಂದು ಮಾತು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪತಿ ತನ್ನ ಜೀವವಿಮೆಯನ್ನು ಹೆಂಡತಿ ಮಕ್ಕಳ ಹಿತಕ್ಕೆಂದು ಮಾಡಿಸಿದರೆ, ಸಾಲ ಕೊಟ್ಟವರಿಗೆ ಮೋಸ ಮಾಡುವ ಉದ್ದೇಶವಿಲ್ಲದಿದ್ದಲ್ಲಿ, ಆ ಹಣ ಅವನ ಸಾಲಕ್ಕೆ ಜಮೆಯಾಗುವುದಿಲ್ಲ. ಪಾಲಿಸಿ ಮಾಡಿಸುವಾಗಲೇ ಇದನ್ನು ನಮೂದಿಸಬೇಕು. ನನ್ನ ಪತಿ ಹಾಗೆ ಮಾಡಿಸಿದ್ದಾರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಶೆಡ್ಡಿಗೆ ಬೀಗ ಬಿದ್ದಾಗ ಆ ನೋಟ್‌ಬುಕ್ಕು ನಮ್ಮನ್ನು ಉಳಿಸಿತು. ಸರ್ಕಾರದ ಖಾತರಿಯ ಮೇಲೆ, ಇದ್ದ ಸಾಲದ ಶೇಕಡಾ 20ರಷ್ಟನ್ನು ಹೊಸ ಅಡಮಾನವಿಲ್ಲದೆ ಕೊಡುವ ತುರ್ತು ಸಾಲ ಯೋಜನೆ ಆ ವರ್ಷದ ಮೇ ತಿಂಗಳಲ್ಲಿ ಬಂದಿತು. ತೆಗೆದುಕೊಳ್ಳಬೇಕೇ ಬೇಡವೇ ಎಂದು ನಾವಿಬ್ಬರೂ ಕೂತು ಯೋಚಿಸಿ, ತೆಗೆದುಕೊಂಡು, ಅದರಿಂದ ಕೆಲಸಗಾರರ ಸಂಬಳ ಕೊಟ್ಟೆವು. ಆ ತಿಂಗಳುಗಳಲ್ಲಿ ಮನೆಗೆ ಕೊಡುವುದು ಎಂಬ ಸಾಲಿನಲ್ಲಿ ಅವರು ಸೊನ್ನೆ ಬರೆದರು. ಬರೆಯುವಾಗ ಅವರ ಕೈ ನಡುಗಿತು. ನನ್ನ ಸಂಬಳದಲ್ಲಿ ಸಾಗುತ್ತದೆ ಎಂದಷ್ಟೇ ಹೇಳಿ ನಾನು ಪುಸ್ತಕ ಮುಚ್ಚಿದೆ.

ಶಾಖೆಯಲ್ಲೂ ನನ್ನ ರೀತಿ ಬದಲಾಯಿತು. ಜಾಮೀನಿಗೆ ಸಹಿ ಹಾಕುವವರನ್ನು ಗಂಡನಿಂದ ಬೇರೆಯಾಗಿ ಐದು ನಿಮಿಷ ಕೂರಿಸಿಕೊಂಡು, ಮೊತ್ತ ಎಷ್ಟು, ಕಂತು ಎಷ್ಟು, ಕಟ್ಟದಿದ್ದರೆ ಯಾವ ಆಸ್ತಿಗೆ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳಿ, ಆಮೇಲೆ ಗಂಡನೆದುರು ಇನ್ನೊಮ್ಮೆ ಹೇಳುತ್ತೇನೆ. ತಿಂಗಳ ಗುರಿ ಮುಟ್ಟಬೇಕಾದ ಒತ್ತಡದಲ್ಲಿ ಇದು ಎಲ್ಲ ಮೇಲಧಿಕಾರಿಗಳಿಗೂ ಹಿಡಿಸಿಲ್ಲ. ಕಳೆದ ವರ್ಷ ನಲವತ್ತು ಲಕ್ಷದ ಸಾಲಕ್ಕೆ ಬಂದ ದಂಪತಿಗಳಿಗೂ ಹೀಗೇ ಹೇಳಿದೆ. ಆಕೆ ಪೆನ್ನನ್ನು ಮೇಜಿನ ಮೇಲಿಟ್ಟು, "ಇದು ನಮ್ಮಪ್ಪ ಕೊಡಿಸಿದ ಸೈಟು ಮೇಡಂ. ಒಂದಿನ ಟೈಮ್ ಕೊಡ್ತೀರಾ?" ಎಂದು ಕೇಳಿದರು. ಗಂಡನ ಮುಖ ಕೆಂಪಾಯಿತು. ನಾನು ಕಾಗದಗಳ ಪ್ರತಿ ಮಾಡಿಸಿ ಕೊಟ್ಟು ಕಳುಹಿಸಿದೆ. ನಾಲ್ಕನೆಯ ದಿನ ಇಬ್ಬರೂ ಬಂದರು. ಎರಡು ಯಂತ್ರದ ಬದಲು ಈ ವರ್ಷ ಒಂದೇ ಯಂತ್ರ ಸಾಕೆಂದು ಅರ್ಜಿಯನ್ನು ಇಪ್ಪತ್ತೆರಡು ಲಕ್ಷಕ್ಕೆ ಇಳಿಸಿದ್ದರು. ಆಕೆ ಪ್ರತಿ ಹಾಳೆಯನ್ನೂ ಓದಿ ಸಹಿ ಹಾಕಿದರು. ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟು ಹೊತ್ತೂ ಗಂಡ ಪಕ್ಕದಲ್ಲಿ ಕುಳಿತು ಆಕೆ ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದರು.