ಐದು ಡಿಸ್ಟ್ರೋ, ಒಂದು ಸ್ಕ್ರಿಪ್ಟ್, ಮೂರು ತಿಂಗಳ ಸುಳ್ಳು ಹಸಿರು

ನಾನು ನೋಡಿಕೊಳ್ಳುತ್ತಿದ್ದ ವರ್ಚುವಲ್ ಮಷಿನ್‌ಗಳು (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್‌ಗಳು) ಆಗ 46 ಇದ್ದವು. ಅವುಗಳ ಡಿಸ್ಟ್ರೋಗಳು, ಅಂದರೆ ಲಿನಕ್ಸ್‌ನ ಬೇರೆ ಬೇರೆ ಬಗೆಗಳು, ಯಾರೂ ಕೂತು ಯೋಚಿಸಿ ಆರಿಸಿದವಲ್ಲ. ಒಂದು ತಂಡಕ್ಕೆ ಉಬುಂಟು ಗೊತ್ತಿತ್ತು, ಉಬುಂಟು ಹಾಕಿಕೊಂಡಿತು. ಒಂದು ಸಾಫ್ಟ್‌ವೇರ್ ಮಾರಿದವರು ಸೆಂಟ್‌ಓಎಸ್ 7 ಬಿಟ್ಟು ಬೇರೆ ಯಾವುದಕ್ಕೂ ಸಪೋರ್ಟ್ ಕೊಡಲ್ಲ ಅಂದಿದ್ದರು. ನನಗಿಂತ ಮುಂಚೆ ಇದ್ದವರಿಗೆ ಓಪನ್‌ಸೂಸೆ ಅಂದರೆ ಪ್ರೀತಿ. ಚಿಕ್ಕಪುಟ್ಟ ಪ್ರಾಕ್ಸಿಗಳೆಲ್ಲ (ಬೇರೆ ಸರ್ವರ್‌ಗಳ ಪರವಾಗಿ ಕೋರಿಕೆ ದಾಟಿಸುವ ಮಷಿನ್‌ಗಳು) ಆಲ್ಪೈನ್. ಜೊತೆಗೆ ಒಂದೇ ಒಂದು ಆರ್ಚ್. ಅದನ್ನು ತಂದವರು ತಾವೇ ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.

ತಿಂಗಳಿಗೊಮ್ಮೆ ಒಂದೊಂದಕ್ಕೂ ಲಾಗಿನ್ ಆಗಿ ಕೈಯಾರೆ ಅಪ್‌ಡೇಟ್ ಮಾಡುತ್ತಿದ್ದೆ. ಎರಡು ದಿನ ಹಿಡಿಯುತ್ತಿತ್ತು. ಮೂವತ್ತನೇ ಮಷಿನ್ ಹೊತ್ತಿಗೆ ಕಣ್ಣು ಪರದೆ ಮೇಲೆ, ಮನಸ್ಸು ಇನ್ನೆಲ್ಲೋ. ಕೊನೆಗೆ ಬೇಸತ್ತು ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್, ಬರೆದೆ. ಎಸ್‌ಎಸ್‌ಎಚ್ (ದೂರದ ಮಷಿನ್‌ಗೆ ಲಾಗಿನ್ ಆಗುವ ದಾರಿ) ಮೂಲಕ ಒಳಗೆ ಹೋಗೋದು, ಓಎಸ್-ರಿಲೀಸ್ ಫೈಲ್ ಓದಿ ಯಾವ ಡಿಸ್ಟ್ರೋ ಅಂತ ತಿಳಿಯೋದು, ಅದಕ್ಕೆ ತಕ್ಕ ಪ್ಯಾಕೇಜ್ ಮ್ಯಾನೇಜರ್ (ಸಾಫ್ಟ್‌ವೇರ್ ಹಾಕುವ, ಅಪ್‌ಡೇಟ್ ಮಾಡುವ ಉಪಕರಣ) ಓಡಿಸೋದು: ಆಪ್ಟ್, ಯಮ್, ಝಿಪ್ಪರ್, ಎಪಿಕೆ ಅಥವಾ ಪ್ಯಾಕ್‌ಮ್ಯಾನ್. ಭಾನುವಾರ ರಾತ್ರಿ 2 ಗಂಟೆಗೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಅದನ್ನು ಓಡಿಸುತ್ತಿತ್ತು. ಸೋಮವಾರ ಬೆಳಿಗ್ಗೆ ಒಂದು ಮೇಲ್, ಅದರಲ್ಲಿ ಮಷಿನ್‌ಗೆ ಒಂದು ಸಾಲು. ಕಮಾಂಡ್ ಮುಗಿದಾಗ ಒಂದು ಸಂಖ್ಯೆ ಕೊಡುತ್ತದೆ, ಸಾಮಾನ್ಯವಾಗಿ ಸೊನ್ನೆ ಅಂದರೆ ಗೆಲುವು. ಸೊನ್ನೆ ಕೊಟ್ಟರೆ ಹಸಿರು, ಬೇರೆ ಏನು ಕೊಟ್ಟರೂ ಕೆಂಪು.

ಮೊದಲ ಸೋಮವಾರವೇ ಓಪನ್‌ಸೂಸೆ ಮಷಿನ್‌ಗಳೆಲ್ಲ ಕೆಂಪು. ಹೋಗಿ ನೋಡಿದರೆ ಏನೂ ಆಗಿಲ್ಲ, ಪ್ಯಾಚ್‌ಗಳೆಲ್ಲ ಸರಿಯಾಗಿ ಕೂತಿವೆ. ವಿಷಯ ಇಷ್ಟೇ. ಝಿಪ್ಪರ್ ಕೆಲಸ ಮುಗಿಸಿದ ಮೇಲೂ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಕೊಡಬಹುದು. 102 ಅಂದರೆ ಪ್ಯಾಚ್ ಆಯಿತು, ಇನ್ನು ರೀಬೂಟ್ ಬೇಕು ಅಂತ. 103 ಅಂದರೆ ಪ್ಯಾಕೇಜ್ ಮ್ಯಾನೇಜರ್‌ನನ್ನೇ ಈಗ ಅಪ್‌ಡೇಟ್ ಮಾಡಿದ್ದೇನೆ, ಉಳಿದದ್ದಕ್ಕೆ ಇನ್ನೊಮ್ಮೆ ಓಡಿಸು ಅಂತ. ನನ್ನ ಸ್ಕ್ರಿಪ್ಟ್ ಎರಡನ್ನೂ ಸೋಲು ಅಂದುಕೊಂಡಿತ್ತು.

ಆಗ ಝಿಪ್ಪರ್‌ನ ಕೈಪಿಡಿ (ಮ್ಯಾನ್ ಪೇಜ್) ಓದಿ ಆ ಎರಡು ಸಂಖ್ಯೆಗಳನ್ನು ಬೇರೆಯಾಗಿ ನೋಡಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಮಾಡಿದ್ದು ಬೇರೆ. ಸಾಲಿನ ಕೊನೆಗೆ ಎರಡು ನೆಟ್ಟಗೆರೆ ಹಾಕಿ ಪಕ್ಕದಲ್ಲಿ ಟ್ರೂ ಅಂತ ಬರೆದೆ. ಅಂದರೆ ಏನೇ ಆದರೂ ಗೆದ್ದೆ ಅನ್ನು ಅಂತ. ಅದೂ ಝಿಪ್ಪರ್ ಸಾಲಿಗೆ ಮಾತ್ರ ಅಲ್ಲ, ಎಲ್ಲಾ ಡಿಸ್ಟ್ರೋಗಳೂ ಹಾದು ಹೋಗುವ ಫಂಕ್ಷನ್‌ಗೆ. ಅವತ್ತು ರಾತ್ರಿ ತುಂಬಾ ಚೆನ್ನಾಗಿ ನಿದ್ದೆ ಬಂತು.

ಮೂರು ತಿಂಗಳು ಮೇಲ್ ಪೂರ್ತಿ ಹಸಿರು. ಮೀಟಿಂಗ್‌ನಲ್ಲಿ ಒಮ್ಮೆ ಅದನ್ನು ತೋರಿಸಿ ಶಹಬ್ಬಾಸ್ ಕೂಡ ಅನ್ನಿಸಿಕೊಂಡೆ.

ಆಮೇಲೆ ಸೆಕ್ಯುರಿಟಿ ತಂಡದವರು ಒಂದು ಸ್ಕ್ಯಾನ್ ನಡೆಸಿದರು. ಮಷಿನ್ ಒಳಗೇ ಹೋಗಿ, ಪ್ರೋಸೆಸ್‌ಗಳನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಂಗಳನ್ನು, ನೋಡುವ ಸ್ಕ್ಯಾನ್ ಅದು. 19 ಮಷಿನ್‌ಗಳಲ್ಲಿ ಹಳೇ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿಯ ಲೈಬ್ರರಿ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಇನ್ನೂ ಬಳಕೆಯಲ್ಲಿದೆ ಅಂತ ವರದಿ ಬಂತು. ನಾನು ಜಗಳಕ್ಕೇ ನಿಂತೆ. ಪ್ಯಾಕೇಜ್ ವರ್ಷನ್ ತೋರಿಸುವ ಸ್ಕ್ರೀನ್‌ಶಾಟ್ ಕಳಿಸಿ, ನಿಮ್ಮ ಸ್ಕ್ಯಾನರ್ ಕೆಟ್ಟಿದೆ ಅಂದೆ. ಅವರಿಂದ ಒಂದೇ ಸಾಲಿನ ಉತ್ತರ ಬಂತು: ವೆಬ್ ಸರ್ವರ್ ಪ್ರೋಸೆಸ್ ಯಾವತ್ತು ಶುರುವಾಗಿದ್ದು ನೋಡಿ.

ನೋಡಿದೆ. 140 ದಿನದ ಹಿಂದೆ.

ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಲಿನಕ್ಸ್‌ನಲ್ಲಿ ಅಪ್‌ಡೇಟ್ ಆದಾಗ ಲೈಬ್ರರಿಯ ಹೆಸರಿಗೆ ಹೊಸ ಫೈಲ್ ಬಂದು ಕೂರುತ್ತದೆ. ಹಳೆಯದನ್ನು ಯಾವುದಾದರೂ ಪ್ರೋಸೆಸ್ ಹಿಡಿದುಕೊಂಡಿದ್ದರೆ ಅದು ಹೆಸರು ಕಳೆದುಕೊಂಡರೂ ಡಿಸ್ಕ್‌ನಲ್ಲೇ ಉಳಿಯುತ್ತದೆ. ಆ ಪ್ರೋಸೆಸ್ ಸಾಯುವವರೆಗೂ ಓಡುವುದು ಹಳೇ ಕೋಡೇ, ಅದರ ಹಳೇ ತೂತಿನ ಸಮೇತ. ಲಿನಕ್ಸ್‌ನ ತಿರುಳಾದ ಕರ್ನಲ್ ಕತೆಯೂ ಅಷ್ಟೇ. ಹೊಸದು ಬೂಟ್ ಡೈರೆಕ್ಟರಿಯಲ್ಲಿ ಸುಮ್ನೆ ಕಾಯುತ್ತಾ ಕೂತಿರುತ್ತದೆ. ಇದೆಲ್ಲ ಗೊತ್ತಿದ್ದೂ ನನ್ನ ವರದಿ ಕೇಳುತ್ತಿದ್ದದ್ದು ಕಮಾಂಡ್ ಮುಗಿಯಿತಾ ಅಂತ ಮಾತ್ರ. ಮಷಿನ್ ಹೇಗಿದೆ ಅಂತ ಅದು ಒಮ್ಮೆಯೂ ಕೇಳಿರಲಿಲ್ಲ.

ಆಮೇಲೆ ಒಂದು ವಾರ ಲಾಗ್‌ಗಳನ್ನು ಅಗೆದೆ. ಅಗೆದಷ್ಟೂ ಬಂತು.

ನಾಲ್ಕು ಉಬುಂಟು ಮಷಿನ್‌ಗಳಲ್ಲಿ ಅಪ್‌ಡೇಟ್ ಅರ್ಧಕ್ಕೇ ನಿಂತಿತ್ತು. ನಾವು ಕೈಯಾಡಿಸಿದ್ದ ಒಂದು ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ಗೆ ಪ್ಯಾಕೇಜ್ ಜೊತೆ ಹೊಸ ಪ್ರತಿ ಬಂದಿತ್ತು. ಹಳೆಯದನ್ನು ಇಟ್ಟುಕೊಳ್ಳಲಾ, ಹೊಸದನ್ನು ಹಾಕಲಾ ಅಂತ ಡಿಪಿಕೆಜಿ (ಆಪ್ಟ್‌ನ ಕೆಳಗೆ ಪ್ಯಾಕೇಜ್ ಹಾಕುವ ಉಪಕರಣ) ಕೇಳಿದೆ. ರಾತ್ರಿ 2 ಗಂಟೆಗೆ ಉತ್ತರ ಹೇಳಲು ಅಲ್ಲಿ ಯಾರಿದ್ದಾರೆ? ಎರರ್ ಕೊಟ್ಟು ನಿಂತಿದೆ. ನನ್ನ ಟ್ರೂ ಅದನ್ನು ಹಸಿರು ಮಾಡಿದೆ. ಆವತ್ತಿನಿಂದ ಪ್ರತಿ ಭಾನುವಾರ ಅದೇ ಜಾಗದಲ್ಲಿ ಅದೇ ಎರರ್. ಸೆಂಟ್‌ಓಎಸ್ ಸೇರಿದಂತೆ ರೆಡ್ ಹ್ಯಾಟ್ ಕಡೆಯ ಡಿಸ್ಟ್ರೋಗಳು ಹೀಗೆ ಕೇಳುವುದೇ ಇಲ್ಲ. ಸಾಮಾನ್ಯವಾಗಿ ನಮ್ಮ ಫೈಲನ್ನು ಹಾಗೇ ಬಿಟ್ಟು, ಹೊಸದನ್ನು ಪಕ್ಕದಲ್ಲಿ ಆರ್‌ಪಿಎಂ-ನ್ಯೂ ಅನ್ನುವ ಬಾಲ ಅಂಟಿಸಿ ಇಡುತ್ತವೆ. ಮೌನವಾಗಿ. ಎರಡರಲ್ಲಿ ಯಾವುದು ಮೇಲು ಅಂತ ನನ್ನನ್ನು ಕೇಳಬೇಡಿ. ಒಂದು ಮಧ್ಯರಾತ್ರಿ ಬಾಗಿಲು ಬಡಿಯುತ್ತದೆ, ಇನ್ನೊಂದು ಚೀಟಿ ಇಟ್ಟು ಹೋಗುತ್ತದೆ, ಆ ಚೀಟಿ ನಮ್ಮ ಕಣ್ಣಿಗೆ ಬೀಳಲ್ಲ.

ಸೆಂಟ್‌ಓಎಸ್ 7ರದ್ದು ಇನ್ನೂ ನಾಜೂಕು. ಅಲ್ಲಿ ಹುಷಾರಾಗಿರೋಣ ಅಂತ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಹಾಕು ಅನ್ನುವ ಆಯ್ಕೆ ಕೊಟ್ಟಿದ್ದೆ. ಯಮ್ ಪ್ರತಿ ವಾರ ಬಂದು, ಸೆಕ್ಯುರಿಟಿಗೆ ಬೇಕಾದ ಪ್ಯಾಕೇಜ್ ಏನೂ ಇಲ್ಲ ಅಂತ ಹೇಳಿ ಹೋಗುತ್ತಿತ್ತು. ಯಾವುದು ಸೆಕ್ಯುರಿಟಿ ಅಪ್‌ಡೇಟ್ ಅಂತ ಗುರುತು ಹಾಕುವ ಮಾಹಿತಿ ಸೆಂಟ್‌ಓಎಸ್‌ನ ರೆಪೊಗಳಲ್ಲಿ (ಪ್ಯಾಕೇಜ್‌ಗಳ ಉಗ್ರಾಣಗಳಲ್ಲಿ) ಇರಲೇ ಇಲ್ಲ. ರೆಡ್ ಹ್ಯಾಟ್‌ನಲ್ಲಿ ಇದೆ, ಅದೇ ಬಳಗದ ಆಲ್ಮಾಲಿನಕ್ಸ್‌ನಲ್ಲೂ ಇದೆ, ಇಲ್ಲಿ ಇಲ್ಲ. ಆಯ್ಕೆ ಕೆಲಸ ಮಾಡುತ್ತದೆ, ಎರರ್ ಬರಲ್ಲ, ಅಪ್‌ಡೇಟೂ ಬರಲ್ಲ. ಆ ಮಷಿನ್‌ಗಳನ್ನು ನಿಧಾನಕ್ಕೆ ಆಲ್ಮಾಲಿನಕ್ಸ್‌ಗೆ ಸಾಗಿಸಿದೆವು. 2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಆಯಸ್ಸೂ ಮುಗಿಯಿತು. ಇನ್ನೂ ಉಳಿಸಿಕೊಂಡವರು ರೆಪೊ ವಿಳಾಸವನ್ನು ಹಳೇ ಪ್ಯಾಕೇಜ್‌ಗಳ ವಾಲ್ಟ್ ಕಡೆ ತಿರುಗಿಸಿ, ಎರರ್ ಹೋಯಿತು ಅಂತ ಸಮಾಧಾನ ಪಟ್ಟುಕೊಳ್ಳುವುದನ್ನು ನೋಡಿದ್ದೇನೆ. ವಾಲ್ಟ್‌ಗೆ ಹೊಸದೇನೂ ಬರುವುದಿಲ್ಲ. ಹಾಗಾಗಿ ಅಲ್ಲಿ ಯಾವಾಗಲೂ ಹಸಿರೇ. ಆಲ್ಪೈನ್‌ನಲ್ಲೂ ಇದೇ ಗುಂಡಿ ಇದೆ. ಅದರ ಒಂದೊಂದು ಸ್ಥಿರ ಶಾಖೆಗೆ ಸಪೋರ್ಟ್ ಸುಮಾರು 2 ವರ್ಷ. ರೆಪೊ ಫೈಲ್‌ನಲ್ಲಿ ಶಾಖೆಯ ಸಂಖ್ಯೆ ಬರೆದಿದ್ದರೆ ಎಪಿಕೆ ತಾನಾಗಿ ಮುಂದಿನದಕ್ಕೆ ಹೋಗುವುದಿಲ್ಲ.

ಎರಡನೇ ಸಲ ಆನ್ಸಿಬಲ್ (ಹಲವು ಮಷಿನ್‌ಗಳ ಮೇಲೆ ಒಟ್ಟಿಗೆ ಕೆಲಸ ಓಡಿಸುವ ಸಾಧನ) ಹಿಡಿದೆ. ಅದರಲ್ಲಿ ದೊಡ್ಡ ವಿಶೇಷವೇನಿಲ್ಲ, ಎಲ್ಲರೂ ಮಾಡುವುದೇ. ಆದರೆ ಎಲ್ಲಾ ಡಿಸ್ಟ್ರೋಗೂ ಒಂದೇ ಟಾಸ್ಕ್ ಅನ್ನುವ ಆಸೆ ಬಿಟ್ಟೆ. ಅಪಾಚಿ ಅನ್ನುವ ವೆಬ್ ಸರ್ವರ್ ಒಂದು ಕಡೆ ಅಪಾಚಿ2, ಇನ್ನೊಂದು ಕಡೆ ಎಚ್‌ಟಿಟಿಪಿಡಿ. ಹೆಸರೇ ಹೀಗಿರುವಾಗ ನಡತೆ ಒಂದೇ ಇರುತ್ತಾ? ಪ್ರತಿ ಡಿಸ್ಟ್ರೋ ಕುಟುಂಬಕ್ಕೂ ಬೇರೆ ಫೈಲ್. ಉಬುಂಟು ಫೈಲ್‌ನಲ್ಲಿ, ಪ್ರಶ್ನೆ ಕೇಳಬೇಡ, ನಮ್ಮ ಕಾನ್ಫಿಗ್ ಉಳಿಸು, ಹೊಸ ಪ್ರತಿ ಬಂದರೆ ಅದರ ಹೆಸರು ವರದಿಗೆ ಹಾಕು ಅಂತ. ಸೂಸೆ ಫೈಲ್‌ನಲ್ಲಿ 102 ಮತ್ತು 103ಕ್ಕೆ ಕೊನೆಗೂ ಅವುಗಳ ಮರ್ಯಾದೆ. ಆನ್ಸಿಬಲ್‌ಗೆ ಬೇಕಾದ ಪೈಥಾನ್ ಆಲ್ಪೈನ್‌ನಲ್ಲಿ ಇರಲಿಲ್ಲ, ಮೊದಲು ಅದನ್ನು ಹಾಕಬೇಕಾಯಿತು.

ಜಾಸ್ತಿ ಸಮಯ ತಿಂದದ್ದು ರೀಬೂಟ್ ಬೇಕಾ ಅನ್ನುವ ಒಂದು ಪ್ರಶ್ನೆ. ಉಬುಂಟುವಿನಲ್ಲಿ ರೀಬೂಟ್-ರಿಕ್ವೈರ್ಡ್ ಅನ್ನುವ ಫೈಲ್ ಇದೆಯಾ ನೋಡಿದರೆ ಆಯಿತು. ಆಲ್ಮಾದಲ್ಲಿ ನೀಡ್ಸ್-ರೀಸ್ಟಾರ್ಟಿಂಗ್ ಅನ್ನುವ ಉಪಕರಣ, ಬೇಕು ಅಂದರೆ 1 ಕೊಡುತ್ತದೆ. ಝಿಪ್ಪರ್‌ಗೆ ಅದರದ್ದೇ ಉಪಕಮಾಂಡ್. ಆಲ್ಪೈನ್‌ನಲ್ಲಿ ಏನೂ ಇಲ್ಲ, ಓಡುತ್ತಿರುವ ಕರ್ನಲ್ ವರ್ಷನ್ನನ್ನೂ ಇನ್‌ಸ್ಟಾಲ್ ಆಗಿರುವುದನ್ನೂ ನಾವೇ ಹೋಲಿಸಬೇಕು. ಆಮೇಲೆ ಸೇರಿದ ಒಂದು ಡೆಬಿಯನ್ ಮಷಿನ್‌ನಲ್ಲಿ ಆ ಫೈಲ್ ಹುಟ್ಟಿಸುವ ಪ್ಯಾಕೇಜೇ ಇರಲಿಲ್ಲ. ಫೈಲ್ ಇಲ್ಲ ಅಂದರೆ ರೀಬೂಟ್ ಬೇಡ ಅಂತ ಅಂದುಕೊಂಡಿದ್ದೆ. ಮತ್ತೆ ಅದೇ ತಪ್ಪು, ಅಲ್ವಾ? ಈಗ ಎಲ್ಲಾ ಮಷಿನ್‌ಗಳಲ್ಲೂ ಕರ್ನಲ್ ಹೋಲಿಕೆ ನಡೆಯುತ್ತದೆ, ಅಳಿಸಿದ ಲೈಬ್ರರಿ ಹಿಡಿದುಕೊಂಡ ಪ್ರೋಸೆಸ್‌ಗಳನ್ನೂ ಎಣಿಸುತ್ತೇನೆ.

ಹೊಸ ವ್ಯವಸ್ಥೆಯಲ್ಲೂ ನಾನೊಂದು ಎಡವಟ್ಟು ಮಾಡಿದೆ. ಪ್ರತಿ ಅಪ್‌ಡೇಟ್‌ಗೂ ಮುಂಚೆ ಎಲ್ಲಾ ಮಷಿನ್‌ಗಳ ಸ್ನ್ಯಾಪ್‌ಶಾಟ್ (ಬೇಕಾದರೆ ಹಿಂದಕ್ಕೆ ಹೋಗಲು ಆ ಕ್ಷಣದ ಸ್ಥಿತಿ) ತೆಗೆಯುವ ಹೆಜ್ಜೆ ಸೇರಿಸಿದೆ. ತೆಗೆಯುವುದನ್ನು ಬರೆದೆ, ಅಳಿಸುವುದನ್ನು ಆಮೇಲೆ ಬರೆಯೋಣ ಅಂತ ಬಿಟ್ಟೆ. ಸ್ನ್ಯಾಪ್‌ಶಾಟ್ ಆದ ಮೇಲೆ ಡಿಸ್ಕ್‌ಗೆ ಆಗುವ ಬದಲಾವಣೆಗಳೆಲ್ಲ ಅದರ ಮೇಲೆ ಬೆಳೆಯುತ್ತಾ ಹೋಗುತ್ತವೆ. ಡೇಟಾಬೇಸ್ ಇರುವ ಮಷಿನ್‌ನಲ್ಲಿ ತುಂಬಾ ಬೇಗ ಬೆಳೆಯುತ್ತವೆ. ಐದನೇ ವಾರ ಸ್ಟೋರೇಜ್ ತುಂಬಿತು. ಅದನ್ನು ಹಂಚಿಕೊಂಡಿದ್ದ 11 ಮಷಿನ್‌ಗಳು ಬರೆಯಲು ಜಾಗವಿಲ್ಲದೆ ನಿಂತಲ್ಲೇ ನಿಂತವು. ಅಪ್‌ಡೇಟ್‌ನಿಂದ ಹಾಳಾಗದಿರಲಿ ಅಂತ ಇಟ್ಟ ಕಾವಲು, ಅಪ್‌ಡೇಟ್ ಯಾವತ್ತೂ ಮಾಡದಷ್ಟು ಹಾಳು ಮಾಡಿತು. ಈಗ 48 ಗಂಟೆಗೆ ತಾನಾಗಿ ಅಳಿಯುತ್ತವೆ. ಡೇಟಾಬೇಸ್ ಮಷಿನ್‌ಗೆ ಸ್ನ್ಯಾಪ್‌ಶಾಟ್ ತೆಗೆಯುವುದೇ ಇಲ್ಲ, ಬ್ಯಾಕಪ್ ಮಾತ್ರ. ಅಲ್ಲಿ ಹಿಂದಕ್ಕೆ ಹೋದರೆ ಮಧ್ಯದಲ್ಲಿ ಬಂದ ಡೇಟಾ ಕೂಡ ಹೋಗುತ್ತದೆ.

ಆರ್ಚ್ ಮಷಿನನ್ನು ಆಟೊಮೇಷನ್‌ನಿಂದ ಹೊರಗಿಟ್ಟೆ. ಒಂದಷ್ಟು ತಿಂಗಳು ಬಿಟ್ಟು ಹೋದರೆ ಕೀರಿಂಗ್ (ಪ್ಯಾಕೇಜ್ ಸಹಿ ಪರೀಕ್ಷಿಸುವ ಕೀಗಳ ಗೊಂಚಲು) ಹಳೆಯದಾಗಿ ಸಹಿಗಳನ್ನೇ ಒಪ್ಪುವುದಿಲ್ಲ. ಕರ್ನಲ್ ಬದಲಾದರೆ ಅದರ ಹಳೇ ಮಾಡ್ಯೂಲ್‌ಗಳ (ಬೇಕಾದಾಗ ಸೇರಿಸಿಕೊಳ್ಳುವ ತುಂಡುಗಳ) ಡೈರೆಕ್ಟರಿ ಹೋಗುತ್ತದೆ, ರೀಬೂಟ್ ಆಗುವವರೆಗೆ ಹೊಸ ಮಾಡ್ಯೂಲ್ ಲೋಡ್ ಆಗಲ್ಲ. ಒಂದೇ ಮಷಿನ್‌ಗೋಸ್ಕರ ಇಷ್ಟೆಲ್ಲ ಬರೆಯುವ ಬದಲು ತಿಂಗಳಿಗೆ ಹತ್ತು ನಿಮಿಷ ಕೂರುತ್ತೇನೆ.

ಈಗಿನ ಸೋಮವಾರದ ಮೇಲ್‌ನಲ್ಲಿ ಬಣ್ಣಕ್ಕಿಂತ ಸಂಖ್ಯೆ ಜಾಸ್ತಿ. ಕೊನೆಯ ಸಲ ನಿಜವಾಗಿ ಪ್ಯಾಕೇಜ್ ಬದಲಾದ ದಿನ, ಓಡುತ್ತಿರುವ ಕರ್ನಲ್, ಹಳೇ ಲೈಬ್ರರಿ ಹಿಡಿದ ಪ್ರೋಸೆಸ್ ಎಷ್ಟು, ಆ ಡಿಸ್ಟ್ರೋಗೆ ಸಪೋರ್ಟ್ ಇನ್ನೆಷ್ಟು ದಿನ. ಪೂರ್ತಿ ಹಸಿರು ಒಮ್ಮೆಯೂ ಬಂದಿಲ್ಲ. ಈ ವಾರ ಮೂರು ಹಳದಿ ಇವೆ. ಅದರಲ್ಲಿ ಒಂದು 9 ದಿನದಿಂದ ರೀಬೂಟ್‌ಗೆ ಕಾಯುತ್ತಿದೆ. ಅದರ ತಂಡ ತಿಂಗಳ ಕೊನೆಯ ಲೆಕ್ಕ ಮುಗಿಯಲಿ ಅಂದಿದೆ. ಸಾಲಿನ ಪಕ್ಕದಲ್ಲಿ ಅವರ ಹೆಸರು, ಒಪ್ಪಿಕೊಂಡ ತಾರೀಕು ಬರೆದು ಹಳದಿಯಾಗೇ ಬಿಟ್ಟಿದ್ದೇನೆ.